ದರ್ಜಿಯ ಮೂಗು

ತಟ್ಟೆಗೆ ಬಿದ್ದದ್ದನ್ನು ತಿಂದು ಎದ್ದುಹೋಗುವ ಮನುಷ್ಯ ಈ ದರ್ಜಿ. ಕೆಳಗೆ ಬೀದಿಗೆ ತೆರೆದ ಸಣ್ಣ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಜನರ ಪ್ಯಾಂಟು ಬಿಗಿ ಮಾಡುವುದು, ಸಡಿಲ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು ಅವನ ಕಸುಬು. ಬಟ್ಟೆಯ ವಿಷಯದಲ್ಲಿ ಮಹಾ ತಕರಾರಿನವನು. ದಾರದ ಬಣ್ಣ ಕೂದಲೆಳೆಯಷ್ಟು ಹೊಂದದಿದ್ದರೂ ಇಡೀ ಹೊಲಿಗೆ ಬಿಚ್ಚಿಕೊಂಡು ಕೂರುತ್ತಿದ್ದ. ಊಟದ ವಿಷಯಕ್ಕೆ ಬಂದರೆ ಮಾತ್ರ ಅವನದು ಒಂದೇ ಮಾತು: "ಚೆನ್ನಾಗಿದೆ."

ಅವನ ಹೆಂಡತಿ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಹಿರಿಯ ಅಡುಗೆಯವಳು. ಬಾಯಿ ಕೆಟ್ಟ ರೋಗಿಗಳಿಗೂ ಇನ್ನೊಂದು ಚಮಚ ಬೇಕೆನ್ನಿಸಿದ ಕೈ ಅದು. ಅಂಥವಳು ಮನೆಯಲ್ಲಿ ಏನೇ ಹೊಸದು ಮಾಡಿ ಆಸೆಯಿಂದ ಎದುರು ಕೂತರೂ ಇವನದು "ಚೆನ್ನಾಗಿದೆ." ಒಮ್ಮೆ ಬೇಕೆಂದೇ ಉಪ್ಪು ಹಾಕದ ಸೂಪು ಬಡಿಸಿದಳು. ಅದೂ ಚೆನ್ನಾಗಿತ್ತು.

"ನಾಲಿಗೆಗೆ ಅಸ್ತರು ಹೊಲ್ಕೊಂಡಿದೀರಾ ಏನ್ರೀ?" ಎಂದು ಸಿಡುಕಿ, ಆಮೇಲೆ ತಾನೇ ಬಿದ್ದು ಬಿದ್ದು ನಕ್ಕಿದ್ದಳು.

ಒಂದು ಚಳಿಗಾಲ ಅವಳಿಗೆ ಜ್ವರ ಬಂತು. ಜ್ವರ ಇಳಿಯಿತು, ಕೆಮ್ಮು ಹೋಯಿತು. ಜೊತೆಗೆ ಮೂಗಿಗೆ ವಾಸನೆ ತಿಳಿಯುವುದೂ ಹೋಯಿತು. ಶೀತ ಇರಬೇಕು, ಸರಿಹೋಗುತ್ತದೆ ಎಂದುಕೊಂಡರು. ಒಂದು ಮಧ್ಯಾಹ್ನ ಅವಳು ಒಲೆಗೆ ಬೆನ್ನು ಮಾಡಿ ಕ್ಯಾರೆಟ್ಟು ಹೆಚ್ಚುತ್ತಿದ್ದಾಗ ಹಾಲು ಸೀದು ಕರಕಲಾಯಿತು. ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿಯುವವರೆಗೆ ಅವಳಿಗೆ ಗೊತ್ತೇ ಆಗಲಿಲ್ಲ. "ಬಂದ್ರೆ ತಾನಾಗೇ ಬರುತ್ತಮ್ಮ, ಬರದೇನೂ ಇರಬಹುದು" ಎಂದರು ಡಾಕ್ಟರು. ಆಸ್ಪತ್ರೆಯವರು ಕನಿಕರಪಟ್ಟು ಅವಳನ್ನು ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಆ ಕನಿಕರವೇ ಅವಳನ್ನು ಹಿಂಡಿಹಾಕಿತು. ಮನೆಯಲ್ಲೂ ಒಲೆಯ ಹತ್ತಿರ ಸುಳಿಯದಾದಳು. ಬೇಯಿಸಿದ ಮೊಟ್ಟೆ, ಅಂಗಡಿ ಬ್ರೆಡ್ಡು. ಅಲ್ಲಿಗೆ ಊಟ ಮುಗಿಯಿತು.

ದರ್ಜಿಗೆ ವಿಚಿತ್ರ ಕಸಿವಿಸಿ ಶುರುವಾಯಿತು. ಅಂಗಡಿ ಮುಚ್ಚಿ ಮೆಟ್ಟಿಲು ಹತ್ತುವಾಗ ಏನೋ ಬಿಟ್ಟುಬಂದೆನಲ್ಲ ಎನ್ನಿಸಿ ಜೇಬು ತಡವಿಕೊಳ್ಳುತ್ತಿದ್ದ. ಬೀಗದ ಕೈ ಇತ್ತು, ಕನ್ನಡಕ ಇತ್ತು. ಇಲ್ಲದ್ದು ಮೇಲಿನಿಂದ ಇಳಿದು ಬರುತ್ತಿದ್ದ ಹುರಿದ ಈರುಳ್ಳಿಯ ಘಮ ಎಂದು ಹೊಳೆಯಲು ಬಹಳ ದಿನ ಬೇಕಾಯಿತು.

ಅಷ್ಟರಲ್ಲಿ ಮಗಳ ಹುಟ್ಟಿದ ದಿನ ಹತ್ತಿರ ಬಂತು. ಮಗಳು ಪಕ್ಕದ ಪಟ್ಟಣದಲ್ಲಿ ಬಸ್ಸು ಓಡಿಸುತ್ತಾಳೆ. ಚಿಕ್ಕಂದಿನಿಂದಲೂ ಪ್ರತಿ ಹುಟ್ಟಿದ ದಿನಕ್ಕೆ ಅಮ್ಮ ಮಾಡುವ ಚೀಸ್‌ಕೇಕೇ ಆಗಬೇಕು, ಮೇಲೆ ಚೆರಿ ಹಣ್ಣು ಇರಲೇಬೇಕು. ಈ ಸಲ ಅವಳೇ ಫೋನು ಮಾಡಿ, "ಅಮ್ಮಂಗೆ ತೊಂದ್ರೆ ಬೇಡಪ್ಪ, ನಾನೇ ಬೇಕರಿಯಿಂದ ತರ್ತೀನಿ" ಅಂದಳು. ಪಕ್ಕದಲ್ಲೇ ಇದ್ದ ತಾಯಿಗೆ ಅದು ಕೇಳಿಸಿತು. ಒಳಗೆ ಹೋಗಿ, ಮಡಿಸಿಟ್ಟಿದ್ದ ಬಟ್ಟೆಯನ್ನೇ ಮತ್ತೆ ಮಡಿಸತೊಡಗಿದಳು.

ಮಾರನೆಯ ದಿನ ದರ್ಜಿ ಅಂಗಡಿ ತೆರೆಯಲಿಲ್ಲ. ಕ್ರೀಮ್ ಚೀಸ್, ಬಿಸ್ಕತ್ತು, ಬೆಣ್ಣೆ, ಮೊಟ್ಟೆ, ನಿಂಬೆಹಣ್ಣು, ಚೆರಿ ಎಲ್ಲ ತಂದು ಮೇಜಿನ ಮೇಲೆ ಹರಡಿದ.

"ಏನ್ರೀ ಇದು?"

"ಚೀಸ್‌ಕೇಕ್ ಮಾಡೋಣ. ಕೈ ನಿಂದು, ಮೂಗು ನಂದು."

"ನಿಮ್ಮ ಮೂಗಾ? ದೇವರೇ ಕಾಪಾಡಬೇಕು" ಎಂದಳು. ಆದರೆ ಬೆಣ್ಣೆ ಮೆತ್ತಗಾಗಿದೆಯೇ ಎಂದು ಅವಳ ಬೆರಳು ಆಗಲೇ ಒತ್ತಿ ನೋಡುತ್ತಿತ್ತು.

ಬಿಸ್ಕತ್ತು ಪುಡಿ ಮಾಡಿ, ಕರಗಿದ ಬೆಣ್ಣೆ ಕಲಸಿ, ಅಚ್ಚಿನ ತಳಕ್ಕೆ ಲೋಟದಿಂದ ಒತ್ತಿ ಒತ್ತಿ ಕೂರಿಸಿದಳು. ಚೀಸು, ಸಕ್ಕರೆ ಸೇರಿಸಿ ಗಂಟಿಲ್ಲದಂತೆ ಕಡೆದು, ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಹಾಕಿದಳು. ನಿಂಬೆಯ ಸಿಪ್ಪೆ ತುರಿದು ಬಟ್ಟಲನ್ನು ಗಂಡನ ಮುಖದ ಹತ್ತಿರ ಹಿಡಿದಳು.

"ಸಾಕಾ ನೋಡಿ."

"ಚೆನ್ನಾಗಿದೆ."

ಅವಳು ಬಟ್ಟಲು ಕೆಳಗಿಟ್ಟಳು. "ಚೆನ್ನಾಗಿದೆ ಅಂದ್ರೆ ನಂಗೇನು ತಿಳೀಬೇಕು? ನಾನಿಲ್ಲಿ ಕಣ್ಣಿಗೆ ಬಟ್ಟೆ ಕಟ್ಕೊಂಡು ನಿಂತ ಹಾಗೆ ನಿಂತಿದೀನಿ ಕಣ್ರೀ. ಸರಿಯಾಗಿ ಹೇಳಿ."

ದರ್ಜಿಯ ಕಿವಿ ಕೆಂಪಾಯಿತು. ಬಟ್ಟಲಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಉಸಿರೆಳೆದು ಮೂಸಿದ. "ಹಾಲಿನ ವಾಸನೆ ಮುಂದಿದೆ. ನಿಂಬೆ ಒಳಗಡೆ ಹೊಲಿಗೆ ಥರ... ಇದೆ ಅಂತ ಗೊತ್ತಾಗುತ್ತೆ, ಕಾಣಲ್ಲ."

ಅವಳು ಗಂಡನ ಮುಖವನ್ನೇ ನೋಡಿದಳು. ಇನ್ನೊಂದಿಷ್ಟು ತುರಿದಳು. "ಈಗ?"

"ಈಗ ಕಾಲರಿಗೆ ಬಂತು."

ಅವಳು ನಕ್ಕಳು. ಜ್ವರ ಬಿಟ್ಟ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಅಚ್ಚು ಓವನ್ನಿನೊಳಗೆ ಹೋಯಿತು. ದರ್ಜಿ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಅವಳು ಚೆರಿಗಳ ಬೀಜ ಬಿಡಿಸುತ್ತ ಕೇಳುತ್ತಿದ್ದಳು, ಅವನು ಬಾಗಿಲು ಸರಿಸಿ ಸರಿಸಿ ಮೂಸಿ ಹೇಳುತ್ತಿದ್ದ. "ಬಿಸ್ಕತ್ತು ಬಂತು... ಈಗ ಬೆಣ್ಣೆ... ಈಗ ಏನೋ ಬೆಚ್ಚಗಿದೆ ಕಣೇ. ಮಗಳು ಕೂಸಾಗಿದ್ದಾಗ ಅವಳ ನೆತ್ತಿ ಹೀಗೇ ಇತ್ತು."

ಬೀಜ ಬಿಡಿಸುತ್ತಿದ್ದ ಕೈ ನಿಂತಿತು. "ಇನ್ನೊಂದ್ಸಲ ಹೇಳಿ" ಎಂದಳು. ಅವನು ಇನ್ನೊಮ್ಮೆ ಹೇಳಿದ.

ಅಂಚು ಗಟ್ಟಿಯಾಗಿ ನಡುಭಾಗ ಇನ್ನೂ ಅಲುಗುತ್ತಿರುವಾಗಲೇ ಅವಳು ಓವನ್ ಆರಿಸಿದಳು. ಆದರೆ ಕೇಕಿನ ನಡುವೆ ಉದ್ದಕ್ಕೆ ಬಿರುಕು ಬಿಟ್ಟಿತ್ತು.

"ನಾನು ಬಾಗಿಲು ತೆಗೆದು ತೆಗೆದು ಕೆಡಿಸಿದೆ" ಎಂದು ದರ್ಜಿ ಮುಖ ಸಣ್ಣ ಮಾಡಿದ.

"ಚೆರಿ ಇರೋದು ಮತ್ಯಾಕೆ? ನೀವು ದಿನಾ ತೇಪೆ ಹಾಕಲ್ವಾ?" ಎಂದು ಅವಳು ಹಣ್ಣಿಗೆ ಸಕ್ಕರೆ ಬೆರೆಸಿ ಒಲೆಗಿಟ್ಟಳು. ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯಿಂದ ದರ್ಜಿ ಕೂಗುತ್ತ ಓಡಿಬಂದ: "ಇಳ್ಸು, ಇಳ್ಸು! ತಳ ಹಿಡೀತಿದೆ!" ಅವಳು ಥಟ್ಟನೆ ಪಾತ್ರೆ ಇಳಿಸಿದಳು. ತಳದಲ್ಲಿ ಕಂಡೂ ಕಾಣದಷ್ಟು ಕಪ್ಪು, ಹಣ್ಣು ಉಳಿದಿತ್ತು. ಅವಳು ಗಂಡನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದು ಹದಕ್ಕೆ ಬಂದ ಕೇಕಿನ ಮೇಲೆ ಬೆಳಗ್ಗೆ ಚೆರಿ ಸುರಿದರು. ಮಗಳು ಬೇಕರಿ ಡಬ್ಬಿ ಹಿಡಿದೇ ಬಂದಳು. ಮೇಜು ನೋಡಿದವಳೇ ಅದನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಮರೆತೇಬಿಟ್ಟಳು. ಒಂದು ತುತ್ತು ತಿಂದು, "ನಿಂಬೆ ಒಂಚೂರು ಮುಂದಾಗಿದೆಯಲ್ಲಮ್ಮ?" ಅಂದಳು.

"ಅದು ನಿಮ್ಮಪ್ಪನ ಕಾಲರು" ಎಂದು ತಾಯಿ ತಾನೂ ಒಂದು ಚಮಚ ಬಾಯಿಗಿಟ್ಟುಕೊಂಡಳು. ತಿಂಗಳುಗಳಿಂದ ಅವಳಿಗೆ ಎಲ್ಲವೂ ನೆನೆದ ಕಾಗದದಂತಿತ್ತು. "ಹುಳಿ ಗೊತ್ತಾಗ್ತಿದೆ" ಎಂದಳು ಮೆಲ್ಲಗೆ. "ಸಿಹಿನೂ. ತಣ್ಣಗಿದೆ, ನುಣ್ಣಗಿದೆ, ಕೆಳಗೆ ಗರಿಗರಿ." ಗಂಡನ ಕಡೆ ತಿರುಗಿ, "ಮಿಕ್ಕಿದ್ದು ನೀವು ಹೇಳಿ" ಎಂದಳು. ಅವನು ಚಮಚ ಕೆಳಗಿಟ್ಟು, ಒಂದೂ ಬಿಡದೆ ಹೇಳಿದ. ಮಗಳು ಅಪ್ಪನನ್ನು ಹೊಸಬರನ್ನು ನೋಡುವಂತೆ ನೋಡುತ್ತ ಕೂತಳು.

ಹೋದ ವಾಸನೆ ಪೂರ್ತಿ ಮರಳಲಿಲ್ಲ. ಆದರೆ ಅವಳು ಉಗ್ರಾಣ ಬಿಟ್ಟು ಆಸ್ಪತ್ರೆಯ ಅಡುಗೆಮನೆಗೆ ಮರಳಿದಳು. ಅಲ್ಲಿ ಘಮ ಹೇಗಿದೆಯೆಂದು ಜೊತೆಯ ಅಡುಗೆಯವರನ್ನು ನಾಚದೆ ಕೇಳುತ್ತಾಳೆ. ಮನೆಯಲ್ಲಿ ರಜೆಯ ದಿನ ಏನಾದರೂ ಒಲೆಯ ಮೇಲಿದ್ದರೆ, ಕಿಟಕಿಯಿಂದ ಬಗ್ಗಿ, "ರೀ, ಮೂಗು ಬೇಕು!" ಎಂದು ಕೂಗುತ್ತಾಳೆ. ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿಹೋಗುತ್ತಾನೆ. ಅಳತೆ ಕೊಡಲು ಕೈ ಅಗಲಿಸಿ ನಿಂತ ಗಿರಾಕಿ, ಅವನು ಇಳಿದು ಬರುವವರೆಗೆ ಹಾಗೇ ನಿಂತಿರುತ್ತಾನೆ.