ಎರಡನೆಯ ವಿಭೂತಿ ಗಟ್ಟಿ

ದೇವರ ಜಗಲಿಯ ಮೇಲೆ ಎರಡು ವಿಭೂತಿ ಗಟ್ಟಿಗಳಿದ್ದವು: ಒಂದು ದಿನನಿತ್ಯದ ಬೆರಳುಗಳಿಗೆ ಸವೆದು ನಡುವೆ ತಗ್ಗಾದದ್ದು, ಇನ್ನೊಂದು ಅಂಚೂ ಮುಕ್ಕಾಗದ್ದು. ಎರಡನೆಯದನ್ನು ನಾವು ಮುಟ್ಟುತ್ತಿರಲಿಲ್ಲ. ಅದು ಅಜ್ಜಿಯ ಸಮಾಧಿಗೆ ಮೀಸಲು. ಸಮಾಧಿ ಇದ್ದದ್ದು ಸಮುದ್ರದಾಚೆ. ಆ ಕಡೆ ಹೊರಟವರು ಯಾರಾದರೂ ಒಯ್ಯಲಿ ಎಂದು ಅಜ್ಜ ಎತ್ತಿಟ್ಟಿದ್ದರು. ಕೊಟ್ಟೂರಿನಿಂದ ಆಫ್ರಿಕಕ್ಕೆ ಹೊರಡುವವರು ಎಷ್ಟು ಜನ, ನೀವೇ ಹೇಳಿ.

ಅಜ್ಜ ಹರೆಯದಲ್ಲಿ ಪೂರ್ವ ಆಫ್ರಿಕದ ಒಂದು ಬ್ರಿಟಿಷ್ ಸೀಮೆಯಲ್ಲಿ ಸರ್ಕಾರಿ ಗುಮಾಸ್ತರಾಗಿದ್ದರು. ಅಜ್ಜಿ ಅಲ್ಲೇ ತೀರಿಕೊಂಡರು. ನಮ್ಮಲ್ಲಿ ಸುಡುವುದಿಲ್ಲ, ಕ್ವಾರ್ಟರ್ಸಿನ ಹಿಂದಿನ ಸರ್ಕಾರಿ ಜಾಗದಲ್ಲಿ ಮಣ್ಣು ಮಾಡಿದರು. ಆ ಜಾಗವನ್ನು ಕಾಯುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು. ಆಮೇಲೆ ಆ ನಾಡಿನ ಬಾವುಟ ಬದಲಾಯಿತು. ಅಜ್ಜ, ಆಗಿನ್ನೂ ಹುಡುಗನಾಗಿದ್ದ ನನ್ನ ಅಪ್ಪನ ಕೈ ಹಿಡಿದು, ಊರಿಗೆ ಮರಳಿದರು. ಸಮಾಧಿ ಇದೆಯೇ ಎಂದು ಅವರು ಕೇಳಿದಾಗಲೆಲ್ಲ ಹೋದ ಸರ್ಕಾರ ಬಂದ ಸರ್ಕಾರವನ್ನು ತೋರಿಸಿತು, ಬಂದದ್ದು ಹೋದದ್ದನ್ನು.

ತೊಂಬತ್ತರ ದಶಕದ ಕೊನೆಯಲ್ಲಿ, ಎಂ.ಎ. ಮುಗಿಸಿ ಬಂದ ನಾನು, ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೂತು ವಿಲಾಯಿತಿಯ ಕಚೇರಿಗೆ ಮತ್ತೊಂದು ಪತ್ರ ಬರೆದೆ. ಮಳೆಗಾಲ ಕಳೆದ ಮೇಲೆ ಉತ್ತರ ಬಂತು. ಅಜ್ಜನಿಗೆ ಓದಿ ಹೇಳಿದೆ: ನಿಮ್ಮ ಪಿಂಚಣಿ ಸರಿಯಾಗಿ ಸಂದಾಯವಾಗುತ್ತಿದೆ, ಉಳಿದ ಹೊಣೆಗಳು ನಮ್ಮವಲ್ಲ.

"ನಾ ರೊಕ್ಕ ಎಲ್ಲಿ ಕೇಳೀನವ್ವ?" ಅಜ್ಜ ನಕ್ಕರು. "ಹೇಣ್ತಿ ಎಲ್ಲಿ ಅದಾಳ ಅಂದ್ರ, ಪಗಾರ ಬಂತಿಲ್ಲೋ ಅಂತಾರಲ್ಲ!"

"ಇನ್ನೊಂದು ಬರಿತೀನಿ, ಅಜ್ಜಾ."

"ಸಾಕು ಬಿಡವ್ವ. ಅವರಿಗೂ ಬ್ಯಾಸರ ಆಗಿರತೈತಿ." ನಗು ಹಾಗೆಯೇ ಇಳಿಯಿತು. "ಅಕಿಗೆ ಒಂದೀಟು ವಿಭೂತಿ ಹಚ್ಚೋರಿಲ್ಲ ನೋಡು, ಅದೊಂದ."

ಆಳುವವರು ಬದಲಾದಾಗ ಕುರ್ಚಿ, ಮೇಜು, ಖಜಾನೆಯ ಬೀಗದಕೈ ಎಲ್ಲವನ್ನೂ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಿ ಹೋಗುತ್ತಾರಂತೆ. ಕೊಟ್ಟ ಮಾತನ್ನು ಯಾರ ಕೈಗೆ ಒಪ್ಪಿಸುತ್ತಾರೋ, ನಿಮಗೇನಾದರೂ ಗೊತ್ತೇ? ನಮ್ಮಲ್ಲಿ ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತಾರೆ. ನನಗಿರುವುದು ಅದೇ ಹೆಸರು. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿಯಿಲ್ಲದ ಅಜ್ಜ ನನ್ನನ್ನು ಹುಟ್ಟಿದಾಗಿನಿಂದ 'ಅವ್ವ' ಎಂದೇ ಕರೆದರು. ಅಪ್ಪಣೆ, ರುಜು, ಮೊಹರು ಯಾವುದೂ ಇಲ್ಲದೆ ಆ ಹೆಸರು ಸಮುದ್ರ ದಾಟಿ ಬಂದು ನಮ್ಮ ಪಡಸಾಲೆಯಲ್ಲಿ ಓಡಾಡಿಕೊಂಡಿತ್ತು.

ಮರುದಿನ ಬೆಳಿಗ್ಗೆ ಮಿಂದು ಬಂದು ಎರಡನೆಯ ಗಟ್ಟಿಯನ್ನು ಕೈಗೆತ್ತಿಕೊಂಡೆ. ಮೂರು ಬೆರಳು ನೀರಲ್ಲಿ ಅದ್ದಿ, ಅದರ ಮೇಲೆಳೆದು, ಹಣೆಗೆ ಹಚ್ಚಿಕೊಂಡೆ. ಅಜ್ಜನಿಗೆ ಚಹಾ ಒಯ್ದು, ಅವರೆದುರು, ಬಾಗಿಲ ಬೆಳಕು ಮುಖಕ್ಕೆ ಬೀಳುವಂತೆ ಕೂತೆ.