ನನಗಿಲ್ಲದ ಮೂರ್ಛೆರೋಗ

ನನಗೆ ಮೂರ್ಛೆರೋಗವಿದೆಯೆಂಬ ಸುದ್ದಿ ನನಗೇ ತಿಳಿದದ್ದು ಪುಣೆಯಲ್ಲಿ. ತೊಂಬತ್ತರ ದಶಕದ ಕೊನೆ. ತುಂಗಭದ್ರೆಯ ದಂಡೆಯ ನಮ್ಮೂರು ಹಲವಾಗಲಿನಿಂದ ಬಂದು ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಬೆಳಿಗ್ಗೆ ಮೇಟ್ರನ್ ವಾರ್ಡಿನ ಬಾಗಿಲಲ್ಲೇ ತಡೆದು, "ಇವತ್ತಿನಿಂದ ರೋಗಿಗಳನ್ನು ಮುಟ್ಟಬೇಡ" ಎಂದರು. ಯಾಕೆಂದು ಹೇಳಲಿಲ್ಲ.

ಅಷ್ಟರಲ್ಲಿ ಆ ಊರು ಒಗ್ಗುತ್ತಿತ್ತು. ಆಯಾಗಳನ್ನು ಅಲ್ಲಿ ಮಾವಶಿ ಎನ್ನುತ್ತಾರೆ, ಅಂದರೆ ಚಿಕ್ಕಮ್ಮ. ಮರಾಠಿ ಕಲಿಸಿದವರು ಅವರೇ. ನಮ್ಮ ಮಂಡಕ್ಕಿ ಒಗ್ಗರಣೆಯ ಬದಲು ಅಲ್ಲಿ ಅವಲಕ್ಕಿಯ ಪೋಹೆ. ಅದಕ್ಕೆ ಸಕ್ಕರೆ ಬೇರೆ! ಖಾರವಿಲ್ಲದೆ ನಾಲಿಗೆ ಸತ್ತುಹೋಗಿತ್ತು. ಆದರೂ ಬಾಡಿಗೆ ಕೋಣೆಯ ಬೀಗದಕೈ ನನ್ನದೇ ಸೆರಗಿನ ತುದಿಯಲ್ಲಿತ್ತು. ಊರಲ್ಲಿ ಆ ಸುಖ ಕಂಡಿರಲಿಲ್ಲ.

ವಿಷಯ ಬಾಯಿಬಿಟ್ಟವರು ಆಫೀಸಿನ ಜೋಶಿಬಾಯಿ. ನನ್ನ ಪೂರ್ವಾಪರ ವಿಚಾರಿಸಲು ಆಸ್ಪತ್ರೆಯವರು ಒಬ್ಬನನ್ನು ಹಲವಾಗಲಿಗೇ ಕಳಿಸಿದ್ದರಂತೆ, ನನಗೊಂದು ಮಾತೂ ತಿಳಿಸದೆ. ಅವನು ಚಹಾದಂಗಡಿಯಲ್ಲಿ ಕೂತು, ಹುಡುಗಿ ಹೇಗೆ, ಮನೆತನ ಎಂಥದು, ಆರೋಗ್ಯ ಹೇಗೆ ಎಂದು ಕೇಳಿದ್ದಾನೆ. ಮೂರ್ಛೆರೋಗವಿದೆಯೆಂದು ಉತ್ತರ ಕೊಟ್ಟವನು ನನ್ನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ನರ್ಸಿಂಗ್ ಓದಿಸಿದ ಮಾವ.

ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದೆ.

"ಮಾವ, ನನಗ ಮೂರ್ಛಿ ಬರ್ತೈತಿ ಅಂತ ಹೇಳಿದ್ಯಾ?"

"ಹೆಣ್ಣು ಕೇಳಾಕ ಬಂದಾನ ಅನ್ಕಂಡೆನವ್ವ. ಮನಿತನ, ಆರೋಗ್ಯ ಮತ್ಯಾರು ಕೇಳ್ತಾರ? ಸಂಬಂಧ ತಪ್ಪಲಿ ಅಂತ ಅಂದೆ. ನೀನು ನನ್ನ ಮಗ ನಾಗನಿಗಿ ಅಂತ ಇರಾಕಿ ಅಲ್ಲೇನು?"

"ನನ್ನ ಒಂದು ಮಾತು ಕೇಳಿದ್ಯಾ?"

"ನಿನ್ನೇನು ಕೇಳೋದೈತಿ? ಓದಿಸಿದಾತ ನಾನು."

ಆಗದವರ ಮದುವೆಗೆ ಹೀಗೆ ಕಲ್ಲು ಹಾಕುವುದು ನಮ್ಮ ಕಡೆ ಹೊಸದಲ್ಲ. ಆದರೆ ಎತ್ತಿ ಆಡಿಸಿದ ಕೈಯೇ ಕತ್ತು ಹಿಚುಕಿತಲ್ಲ ಎಂದು ಬೂತಿನಲ್ಲೇ ಅತ್ತೆ. ಆಸ್ಪತ್ರೆಯ ಮೇಲೂ ಅಷ್ಟೇ ಸಿಟ್ಟು ಬಂತು. ಅವರು ನನ್ನನ್ನು ಕೇಳದೆ ವಿಚಾರಿಸಿದರು, ಇವನು ನನ್ನನ್ನು ಕೇಳದೆ ಉತ್ತರ ಕೊಟ್ಟ.

ಜೋಶಿಬಾಯಿ ಮಾತ್ರ ಮೇಲಿನವರೊಂದಿಗೆ ಜಗಳಕ್ಕೆ ನಿಂತರು. "ಮೊದಲು ಅವಳ ಒಪ್ಪಿಗೆ ಕೇಳಬೇಕಿತ್ತು. ವಿಚಾರಿಸುವುದಿದ್ದರೆ ಹಿಂದೆ ದುಡಿದ ಕಡೆ ಕೆಲಸದ ಬಗ್ಗೆ ವಿಚಾರಿಸಿ. ಚಹಾದಂಗಡಿಯಲ್ಲಿ ಮನೆತನದ ಬಗ್ಗೆ ಅಲ್ಲ. ಯಾರಾದರೂ ಕೆಟ್ಟದ್ದು ಹೇಳಿದರೆ ಅದನ್ನು ಅವಳ ಮುಂದಿಡಿ, ಅವಳ ಮಾತೂ ಕೇಳಿ, ಆಮೇಲೆ ತೀರ್ಮಾನ ಮಾಡಿ" ಎಂದರು. ನನ್ನ ಒಪ್ಪಿಗೆ ಪಡೆದೇ ನಾನು ಹಿಂದೆ ದುಡಿದಿದ್ದ ದಾವಣಗೆರೆಯ ಆಸ್ಪತ್ರೆಗೆ ಫೋನ್ ಮಾಡಿದರು. ನಾನು ಕೇಳಿಕೊಂಡಂತೆ ಡಾಕ್ಟರೂ ಪರೀಕ್ಷಿಸಿದರು. ಕೆಲಸ ಕಾಯಂ ಆಯಿತು. ನಾಗನನ್ನು ಮದುವೆಯಾಗುವುದಿಲ್ಲವೆಂದು ಊರಿಗೆ ಹೇಳಿಕಳಿಸಿದೆ.

ಮರುವರ್ಷ ಅವ್ವನನ್ನು ನೋಡಲು ಹೋದಾಗ ಹೊಳೆಗೆ ಹೋದೆ. ತುಂಗಭದ್ರೆಯಲ್ಲೇ ಈಜು ಕಲಿತವಳು ನಾನು. ಇನ್ನೇನು ಇಳಿಯಬೇಕು, ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಗಂಗವ್ವ ಓಡಿಬಂದು ರಟ್ಟೆ ಹಿಡಿದಳು.

"ನೀರಿಗಿ ಇಳಿಬ್ಯಾಡವ್ವ, ನಿನಗ ಮೂರ್ಛಿ ಬರ್ತೈತಂತ."

"ಇಲ್ಲ ಚಿಗವ್ವ, ಅದು ಸುಳ್ಳು."

"ನಿಮ್ಮ ಮಾವನ ಹೇಳ್ಯಾನಲ್ಲ."

ಅವಳಿಗೆ ನನ್ನ ಮೇಲೆ ನಿಜವಾಗಿಯೂ ಕರುಣೆಯಿತ್ತು. ಪುಣೆಯವರು ಪರವೂರಿನವಳಾದ ನನ್ನ ಮಾತನ್ನು ಕೇಳಿ ನಂಬಿದ್ದರು. ಇಲ್ಲಿ ಯಾರಿಗೆ ಹೇಳಲಿ? ದಂಡೆಯ ಕಲ್ಲಿನ ಮೇಲೆ ಕೂತು ಪಾದಗಳನ್ನಷ್ಟೇ ನೀರಿಗೆ ಬಿಟ್ಟೆ. ಗಂಗವ್ವ ರಟ್ಟೆ ಬಿಡಲಿಲ್ಲ.