ಎಕರೆ ಕೊಟ್ಟು ಸೆಂಟ್ಸ್ ತಗೊಂಡ ಚೇಚಿ

ಮೊನ್ನೆ ಪುತ್ತೂರಿನ ಸಂತೆಯಲ್ಲಿ ತೊಂಡೆಕಾಯಿ ಆರಿಸುತ್ತಿದ್ದಾಗ ಪಕ್ಕದ ಗೋಣಿಯಿಂದ ಹೊಗೆ ಮತ್ತು ಹುಳಿ ಬೆರೆತ ಒಂದು ವಾಸನೆ ಬಂತು. ಕೊಡಂಪುಳಿ. ಹೊಗೆಗೆ ಒಣಗಿಸಿ ಕರ್ರಗೆ ಮಾಡಿದ, ಕೇರಳದವರು ಮೀನಿನ ಸಾರಿಗೆ ಹಾಕುವ ಹುಳಿ. ನಮ್ಮ ಮನೆಯಲ್ಲಿ ಅದನ್ನು ಬಳಸುವವರು ಯಾರೂ ಇಲ್ಲ, ನಮ್ಮದು ಸಾರಿಗೆ ಪುನರ್ಪುಳಿ ಹಾಕುವ ಮನೆ. ಆದರೂ ಒಂದು ಹಿಡಿ ಕಟ್ಟಿಸಿಕೊಂಡೆ. ಮನೆಗೆ ಬಂದ ಮೇಲೆ ನನ್ನ ಗಂಡ ಪೊಟ್ಟಣ ಬಿಡಿಸಿ ಮೂಸಿ ನೋಡಿ, "ಚೇಚಿಯ ಅಡುಗೆಮನೆ..." ಎಂದಷ್ಟೇ ಹೇಳಿ ಮತ್ತೆ ಮಡಚಿಟ್ಟರು.

ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್. ಡಾಕ್ಟರರೂ ಅವರನ್ನು ಚೇಚಿ ಎಂದೇ ಕರೆಯುತ್ತಿದ್ದರು. ಅವರ ಅಪ್ಪ ಕೇರಳದಿಂದ ಬಂದು ನೆಲ್ಯಾಡಿಯ ಹತ್ತಿರ ಜಾಗ ಮಾಡಿ ರಬ್ಬರ್ ಹಾಕಿದವರು. ಚೇಚಿ ಮಾತ್ರ ಪುತ್ತೂರಿನ ಹೊರಗೆ, ಕಬಕದಲ್ಲಿ ಮನೆ ಮಾಡಿಕೊಂಡು ದಿನಾ ಮಂಗಳೂರಿಗೆ ಬಂದು ಹೋಗುತ್ತಿದ್ದರು. ಎತ್ತರದ ಹೆಂಗಸು, ಬಿರುಸು ನಡೆ, ಅದಕ್ಕಿಂತ ಬಿರುಸು ಬಾಯಿ. ಬಾಣಂತಿಯರನ್ನು ನೋಡಲು ಗುಂಪುಗುಂಪಾಗಿ ಬರುವ ನೆಂಟರು ಅವರ ಚಪ್ಪಲಿಯ ಸದ್ದು ಕೇಳಿದರೇ ಕುರ್ಚಿ ಬಿಟ್ಟು ಏಳುತ್ತಿದ್ದರು.

ಆಗ ನಮ್ಮ ಸಂಸಾರ ಅತ್ತ ಒಂದು ಕಾಲು, ಇತ್ತ ಒಂದು ಕಾಲು. ನನಗೆ ಮಂಗಳೂರಿನಲ್ಲಿ ಕೆಲಸ, ಗಂಡನಿಗೆ ಸುಳ್ಯದ ಕಾಲೇಜಿನಲ್ಲಿ ಗಣಿತದ ಪಾಠ. ನಾನೂ ಮಗಳೂ ಮಂಗಳೂರಿನ ಬಾಡಿಗೆ ಮನೆಯಲ್ಲಿ, ಅವರು ಸುಳ್ಯದ ಒಂದು ರೂಮಿನಲ್ಲಿ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಕು ಹರಿಯುವ ಮೊದಲು ಹೊರಡುತ್ತಿದ್ದರು. ಎರಡನೇ ಕ್ಲಾಸಿನ ಮಗಳು ತನ್ನ ಜಗಳಗಳನ್ನೆಲ್ಲ ಭಾನುವಾರಕ್ಕೆಂದು ಕೂಡಿಡುತ್ತಿದ್ದಳು. ಯಾರು ಪೆನ್ಸಿಲ್ ಕದ್ದರು, ಯಾವ ಟೀಚರ್ ಬೈದರು ಎಂದು ಒಂದೇ ಉಸಿರಿಗೆ ಅಪ್ಪನಿಗೆ ಒಪ್ಪಿಸುವಾಗ ಅರ್ಧದಷ್ಟು ಅವಳಿಗೇ ಮರೆತುಹೋಗಿರುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ನಮಗೆ ಬೇಕಾಗಿದ್ದದ್ದು ದೊಡ್ಡ ಮನೆಯಲ್ಲ. ವಾರದ ದಿನಗಳಲ್ಲೂ ಮೂವರು ಒಂದೇ ಮನೆಯಲ್ಲಿ ಊಟ ಮಾಡಬೇಕು, ಅಷ್ಟೇ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿದ ಹಿರಿಯರು ಮನೆ ಹುಡುಕಿ ನೋಡು ಎಂದು ಯಾಕೆ ಹೇಳಲಿಲ್ಲವೋ. ಪುತ್ತೂರು ನಡುವೆ ಬರುತ್ತದೆ, ಅದರ ಆಸುಪಾಸಿನಲ್ಲೇ ಕೊಳ್ಳುವುದು ಎಂದೇನೋ ತೀರ್ಮಾನವಾಯಿತು. ಆದರೆ ಯಾವ ಆಸು, ಯಾವ ಪಾಸು? ನಾನು ಮಂಗಳೂರಿನ ಕಡೆಗೆ ಎಳೆದರೆ ಅವರು ಸುಳ್ಯದ ಕಡೆಗೆ ಎಳೆಯುವರು. ಗಣಿತದವರಲ್ಲವೇ, ಮೊಬೈಲಿನ ಮ್ಯಾಪ್ ತೆರೆದು ನನ್ನ ದಾರಿಯನ್ನೂ ಅವರ ದಾರಿಯನ್ನೂ ತೂಗಿ ನೋಡಿ, ಇಬ್ಬರಿಗೂ ಸಮನಾಗಿ ಕಷ್ಟವಾಗುವ ಜಾಗವನ್ನು ಹುಡುಕುತ್ತಿದ್ದರು. ಸಮನಾಗಿ ಸುಖವಾಗುವ ಜಾಗ ಹುಡುಕಬಾರದೇ ಎಂದು ನಾನು ರೇಗಿಸುತ್ತಿದ್ದೆ.

ಭಾನುವಾರಗಳು ಮನೆ ನೋಡುವುದರಲ್ಲೇ ಹೋದವು. ಕುಂಬ್ರದ ಕಡೆ ನೋಡಿದ ಮನೆಯ ಎದುರಿನ ಕಲ್ಯಾಣಮಂಟಪದಂಥ ಕಂಬಗಳನ್ನು ಕಂಡು ಮಗಳು, ಇಲ್ಲಿ ಯಾರ ಮದುವೆ ಎಂದು ಕೇಳಿದಳು. ಕಬಕದಲ್ಲಿ ಚೇಚಿಯೇ ತೋರಿಸಿದ ಒಂದು ಹಳೆಯ ತಾರಸಿ ಮನೆ ಇತ್ತು. ಗೋಡೆಗೆ ಗಿಳಿಹಸಿರು ಬಣ್ಣ, ಅಡುಗೆಮನೆಯಲ್ಲಿ ಹಗಲಲ್ಲೂ ದೀಪ ಹಾಕದೆ ಸಾಸಿವೆ ಯಾವುದು ಮೆಂತೆ ಯಾವುದು ತಿಳಿಯದು, ಹೊರಗೆ ಬಂದರೆ ಹೆದ್ದಾರಿಯ ಬಸ್ಸುಗಳ ಗೌಜಿ. ನಾನು ಮೂಗು ಮುರಿದೆ. 

ಕೊನೆಗೆ ಪುತ್ತೂರಿನಿಂದ ಆಚೆ ಕಾಣಿಯೂರಿನಲ್ಲಿ ಒಂದು ಹೊಸ ಮನೆ ಸಿಕ್ಕಿತು. ತಂಪಾದ ಜಗಲಿ, ಬೆಳಕು ತುಂಬಿದ ಅಡುಗೆಮನೆ, ಮಗಳಿಗೆ ಓಡಾಡಲು ಅಂಗಳ. ಬೆಲೆಯೂ ನಮ್ಮ ಕೈಗೆ ಎಟುಕುವಷ್ಟು. ಸ್ಟೇಷನ್ ನಡೆಯುವಷ್ಟು ಹತ್ತಿರ, ಬೆಳಗಿನ ರೈಲಿನಲ್ಲಿ ನಾನು ಮಂಗಳೂರಿಗೆ. ಬೆಳ್ಳಾರೆಯ ಮೇಲಿಂದ ಬೈಕಿನಲ್ಲಿ ಅವರು ಸುಳ್ಯಕ್ಕೆ. ಇನ್ನೇನು ಬೇಕು? ಮರುದಿನ ಊಟದ ಹೊತ್ತಿನಲ್ಲಿ ಚೇಚಿಯ ಮುಂದೆ ಆ ಮನೆಯನ್ನು ಹೊಗಳಿ ಹೊಗಳಿ ನನ್ನ ಅನ್ನವೇ ತಣ್ಣಗಾಯಿತು.

ಅವರು ಎಲ್ಲ ಕೇಳಿಸಿಕೊಂಡು, "ಹೋಗುದು ಸರಿ ಮೋಳೆ. ಬರುದು ಹೇಗೆ?" ಎಂದರು. ಮೋಳೆ ಅಂದರೆ ಮಗಳೇ. ಅವರು ನನ್ನನ್ನು ಹಾಗೇ ಕರೆಯುತ್ತಿದ್ದದ್ದು.

"ಎಂತ ಚೇಚಿ, ಹೋದ ಹಾಗೇ ಬರುದು" ಎಂದೆ.

ಅವರು ದೊಡ್ಡದಾಗಿ ನಕ್ಕರು. ನನಗೆ ಸ್ವಲ್ಪ ಸಿಟ್ಟೇ ಬಂತು.

ಆಮೇಲೆ ಅವರು ನಿವೃತ್ತರಾಗಿ ಕೆಲವು ತಿಂಗಳಾದರೂ ನಾವಿನ್ನೂ ಆ ಮನೆಗೆ ಮುಂಗಡ ಕೊಡಬೇಕೋ ಬೇಡವೋ ಎಂದು ತೂಗುತ್ತಲೇ ಇದ್ದೆವು. ಶಾಲೆಗೆ ದಸರಾ ರಜೆ ಶುರುವಾಗುವ ಹೊತ್ತಿಗೆ ಚೇಚಿ ಫೋನ್ ಮಾಡಿದರು. ಕಾಣಿಯೂರಿನಲ್ಲಿ ಅವರ ಅಣ್ಣನಿಗೆ ಒಂದು ಮನೆಯಿತ್ತು, ಆಗ ಖಾಲಿ. "ಒಂದು ವಾರ ಅಲ್ಲಿ ಇದ್ದು ಕೆಲಸಕ್ಕೆ ಹೋಗಿ ಬನ್ನಿ. ಮಗುವಿನ ಜೊತೆಗೆ ನಾನು ಬರ್ತೇನೆ. ಬಟ್ಟೆ ತಗೊಳ್ಳುವಾಗ ಹಾಕಿ ನೋಡುದಿಲ್ವಾ ಮಾರಾಯ್ತಿ? ಮನೆ ಯಾಕೆ ಹಾಗೇ ತಗೊಳ್ಳುದು?" ಎಂದರು. ಅವರಿಗೆ ಇದರಲ್ಲಿ ಸಿಗುವುದು ಏನೂ ಇರಲಿಲ್ಲ. ತಿಂಗಳಿಗೊಮ್ಮೆ ನೋಡುವ ನಮಗಾಗಿ ತಮ್ಮ ಮನೆಗೆ ಬೀಗ ಹಾಕಿ, ಚೀಲದಲ್ಲಿ ಅಕ್ಕಿ, ಕಾಫಿಪುಡಿ, ಆ ಕೊಡಂಪುಳಿ ಎಲ್ಲ ತುಂಬಿಕೊಂಡು ಬಂದೇಬಿಟ್ಟರು.

ಸೋಮವಾರ, ಮಂಗಳವಾರ ಹಬ್ಬದ ಹಾಗಿತ್ತು. ಸಂಜೆ ರೈಲಿಳಿದು ನಡೆದು ಬಂದರೆ ಅಂಗಳದಲ್ಲಿ ಮಗಳು, ಅಷ್ಟರಲ್ಲಿ ಬೈಕಿನ ಸದ್ದು. ಕತ್ತಲಾಗುವ ಮೊದಲೇ ಮೂವರೂ ಮನೆಯಲ್ಲಿ! ಮಗಳು ಭಾನುವಾರಕ್ಕೆ ಕಾಯಬೇಕಾಗಿಲ್ಲದ ಖುಷಿಗೆ ಸುಮ್ಮಸುಮ್ಮನೆ ಜಗಳ ಹುಟ್ಟಿಸಿ ಅಪ್ಪನಲ್ಲಿ ದೂರು ಹೇಳಿದಳು. ನಾಳೆಯೇ ಮುಂಗಡ ಕೊಟ್ಟುಬಿಡುವ ಎಂದು ನಾನು ಹೇಳಿದೆ. ಚೇಚಿ ಮೀನು ತೊಳೆಯುತ್ತಾ, ವಾರ ಮುಗಿಯಲಿ ಎಂದರು.

ಬುಧವಾರ ಲ್ಯಾಬಿನಲ್ಲಿ ಜ್ವರದವರ ರಕ್ತದ ಸ್ಯಾಂಪಲ್ ಗುಡ್ಡೆ ಬಿತ್ತು. ಬಿಟ್ಟು ಬರುವ ಹಾಗಿರಲಿಲ್ಲ, ಸಂಜೆಯ ರೈಲು ತಪ್ಪಿತು. ತಪ್ಪಿದರೇನು, ಬಸ್ಸಿಲ್ಲವೇ? ಪುತ್ತೂರಿನವರೆಗೆ ನಿಂತುಕೊಂಡಾದರೂ ಬಂದೆ. ಅಲ್ಲಿ ನೋಡಿದರೆ ಕಾಣಿಯೂರಿನ ಕೊನೆಯ ಬಸ್ಸು ಹೋಗಿಯಾಗಿತ್ತು. ಗುಡುಗು ಮಳೆ ಬೇರೆ. ಅಷ್ಟು ದೂರ ಕರೆದರೆ ರಿಕ್ಷಾದವರು ವಾಪಸು ಖಾಲಿ ಬರಬೇಕು ಎಂದು ಮುಖ ತಿರುಗಿಸಿದರು. ಗಂಡನಿಗೆ ಫೋನ್ ಮಾಡಿದೆ. ಅವರು ಅದೇ ಆಗ ತೊಯ್ದು ತೊಪ್ಪೆಯಾಗಿ ಮನೆ ಸೇರಿದ್ದರಂತೆ. ತಲೆ ಒರೆಸಿಕೊಂಡು, ಕಾಲಿಗೆ ಸುತ್ತಿಕೊಂಡ ಮಗಳನ್ನು ಬಿಡಿಸಿಕೊಂಡು, ಅದೇ ಮಳೆಯಲ್ಲಿ ಮತ್ತೆ ಪುತ್ತೂರಿಗೆ ಹೊರಟು ಬಂದರು.

ನಾವಿಬ್ಬರೂ ಮನೆ ಮುಟ್ಟುವಾಗ ಮಗಳು ಚೇಚಿಯ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಊಟ ಮಾಡಿರಲಿಲ್ಲ. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ, "ಅಮ್ಮಾ, ಈ ಮನೆಯಲ್ಲಿ ಕೂಡ ನೀವಿಬ್ಬರೂ ಒಟ್ಟಿಗೆ ಇರುದು ಭಾನುವಾರ ಮಾತ್ರವಾ?" ಎಂದು ಕೇಳಿದಳು. ಸಿಟ್ಟಿಲ್ಲ, ಅಳುವಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗೆ. 

ಚೇಚಿ, "ನಾನು ಹೇಳಿರಲಿಲ್ಲವಾ" ಎನ್ನಲಿಲ್ಲ. ಹಾಲಿಲ್ಲದ ಕಾಫಿ ಮಾಡಿ ನಮ್ಮಿಬ್ಬರ ಮುಂದೆ ಇಟ್ಟು ತಮ್ಮ ಕಥೆ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರು ನೆಲ್ಯಾಡಿಯ ಒಳಗಿನ ತೋಟದ ಮನೆಯಿಂದ ಮಂಗಳೂರಿಗೆ ಹೋಗಿ ಬರುತ್ತಿದ್ದರಂತೆ. ಬಸ್ಸಿಳಿದು ಕತ್ತಲಲ್ಲಿ ಟಾರ್ಚ್ ಹಿಡಿದು ತೋಟ ದಾಟಬೇಕು. "ನನ್ನ ಮಗ ಎದ್ದಿರುವಾಗ ನಾನು ಇಲ್ಲ. ನಾನು ಇರುವಾಗ ಅವ ಮಲಗಿ ಆಗಿರ್ತದೆ. ಒಂದು ದಿನ ಅವನನ್ನು ನೋಡ್ಕೊಳ್ತಿದ್ದ ನನ್ನ ಅಕ್ಕನನ್ನು ಅಮ್ಮಾ ಅಂತ ಕರೆದ..." ಅಷ್ಟು ಹೇಳಿ ಅವರು ಲೋಟವನ್ನು ಸುಮ್ಮನೆ ತಿರುಗಿಸುತ್ತಾ ಕುಳಿತರು. ಹೆರಿಗೆ ವಾರ್ಡನ್ನೇ ನಡುಗಿಸುವ ಆ ಹೆಂಗಸು ಹಾಗೆ ಕುಳಿತದ್ದನ್ನು ನಾನು ಮೊದಲು ನೋಡಿರಲಿಲ್ಲ.

ಅದಾದ ಮರುವರ್ಷವೇ ಅವರು ತಮ್ಮ ಪಾಲಿನ ರಬ್ಬರ್ ತೋಟ ಮಾರಿ ಕಬಕದ ರಸ್ತೆಬದಿಯಲ್ಲಿ ಹತ್ತು ಸೆಂಟ್ಸ್, ಅಂದರೆ ಎಕರೆಯ ಹತ್ತರಲ್ಲೊಂದು ಪಾಲು ಜಾಗ ತೆಗೆದುಕೊಂಡರಂತೆ. ಗುಡ್ಡ ಕಡಿದು ಒಂದೊಂದೇ ಎಕರೆ ಸೇರಿಸಿದ ಜನ ಅವರು. ಅಂಥವರ ಮನೆಯ ಹೆಣ್ಣು ಎಕರೆ ಕೊಟ್ಟು ಸೆಂಟ್ಸ್ ತಗೊಂಡಳು ಎಂದು ನೆಂಟರೆಲ್ಲ ನಕ್ಕರಂತೆ. ಅಪ್ಪ ಬಹಳ ಕಾಲ ಮಾತೇ ಬಿಟ್ಟಿದ್ದರಂತೆ. "ನಗ್ಲಿ. ನಾನು ತಗೊಂಡದ್ದು ಜಾಗ ಅಲ್ಲ ಮಾಷ್ಟ್ರೇ, ಸಂಜೆ" ಎಂದು ನನ್ನ ಗಂಡನಿಗೆ ಹೇಳಿ, ಎದ್ದು ಹೋಗಿ ದೋಸೆಗೆ ಕಾವಲಿ ಇಟ್ಟರು.

ಕಾಣಿಯೂರಿನಲ್ಲಿ ಸುಖವಾಗಿರುವವರು ಬೇಕಾದಷ್ಟು ಇದ್ದಾರೆ. ಮನೆಯಲ್ಲಿ ಅಜ್ಜಿಯೋ ಅತ್ತಿಗೆಯೋ ಇದ್ದು ಮಗುವಿಗೆ ದೀಪ ಹಚ್ಚಿ ಊಟ ಹಾಕುವಂತಿದ್ದರೆ ನಾವೂ ಅಲ್ಲೇ ಇರುತ್ತಿದ್ದೆವು. ನಮಗೆ ಹಾಗೆ ಯಾರೂ ಇರಲಿಲ್ಲ. ರೈಲು ತಪ್ಪಿದರೆ ಬಸ್ಸು, ಈ ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಇರುವ ಕಡೆ ನಾವು ಇರಬೇಕಿತ್ತು.

ಮುಂದಿನ ಶನಿವಾರ ಸಂಜೆ ಚೇಚಿ ನಮ್ಮನ್ನು ಕಬಕದಲ್ಲಿ ರಸ್ತೆಬದಿ ನಿಲ್ಲಿಸಿದರು. ಮಂಗಳೂರಿನಿಂದ ಬರುವ ಬಸ್ಸು, ಪುತ್ತೂರಿನಿಂದ ಬರುವ ಬಸ್ಸು, ಒಂದರ ಹಿಂದೆ ಒಂದು. ಸುಳ್ಯದಿಂದ ಬರುವವರು ಪುತ್ತೂರಿನಲ್ಲಿ ಇಳಿದು ಮಂಗಳೂರಿನ ಯಾವ ಬಸ್ಸಿಗೆ ಹತ್ತಿದರೂ ಇಲ್ಲಿಗೆ ಮುಟ್ಟುತ್ತಾರೆ. ಮೊದಲ ಸಲ ನನಗೆ ಗೌಜಿ ಅನಿಸಿದ್ದೇ ಈಗ ಧೈರ್ಯ ಕೊಟ್ಟಿತು. ಮತ್ತೆ ಆ ಗಿಳಿಹಸಿರು ಮನೆಯೊಳಗೆ ಹೋದೆವು. ಗಂಡ ಮ್ಯಾಪ್ ತೆಗೆಯಲಿಲ್ಲ. ಬಾವಿಯಲ್ಲಿ ಬೇಸಗೆಯಲ್ಲಿ ನೀರು ಉಳಿಯುತ್ತದೆಯೇ ಎಂದು ಮಾತ್ರ ಕೇಳಿದರು.

ಚೇಚಿಯ ಮನೆಗೂ ಅದಕ್ಕೂ ನಡುವೆ ಎರಡೇ ಓಣಿ. ನೀವು ಹತ್ತಿರ ಇರುವುದೇ ದೊಡ್ಡ ಲಾಭ ಎಂದು ನಾನು ಹೇಳಿದ್ದಕ್ಕೆ ಅವರಿಗೆ ನಿಜವಾಗಿ ಸಿಟ್ಟು ಬಂತು. "ನನ್ನ ಮುಖ ನೋಡಿ ಮನೆ ತಗೊಳ್ಬೇಡ. ನಾನು ಇವತ್ತು ಉಂಟು, ನಾಳೆ ಗೊತ್ತಿಲ್ಲ. ಬಸ್ಸು ಇರ್ತದೆ."

ಹೇಳಿದ್ದು ಹಾಗೆ. ಮಾಡಿದ್ದು ಬೇರೆ. ನಾವು ಅಲ್ಲಿಗೆ ಬಂದ ಮೇಲೆ ಮಗಳು ಶಾಲೆ ಬಿಟ್ಟು ನೇರ ಅವರ ಮನೆಗೆ ಹೋಗುವುದು ರೂಢಿಯಾಯಿತು. ಮನೆ ಒಕ್ಕಲಿನ ದಿನ ಬಂದವರೆಲ್ಲ ಚೆನ್ನಾಗಿದೆ ಎಂದು ಹೊಗಳಿದರೆ ಅವರು ಅಡುಗೆಮನೆಯ ಗೋಡೆ ಬಡಿದು ನೋಡಿ, ಇಲ್ಲಿ ಒಂದು ಕಿಟಕಿ ಒಡೆಸು ಎಂದರು. ಒಡೆಸಿದೆವು. ಈಗ ಬೆಳಗಿನ ಬಿಸಿಲು ನನ್ನ ಒಲೆಯವರೆಗೆ ಬರುತ್ತದೆ.

ಅವರು ಹೋಗಿ ಎರಡು ಮಳೆಗಾಲವಾಯಿತು. ಯಾರಿಗೂ ಒಂದು ದಿನ ತೊಂದರೆ ಕೊಡದೆ ನಿದ್ದೆಯಲ್ಲೇ ಹೋದರು. ನೆಲ್ಯಾಡಿಯ ಕಡೆಯ ಅವರ ಇಗರ್ಜಿಯ ಅಂಗಳದಲ್ಲಿ ಮಣ್ಣು ಮಾಡಿದರು. ಕೇರಳದಲ್ಲಿ ಮೇಷ್ಟ್ರಾಗಿರುವ ಮಗ ಬಂದಿದ್ದರು. ಎಲ್ಲ ಮುಗಿದ ಮೇಲೆ ನಮ್ಮ ಹತ್ತಿರ ಬಂದು ನಿಂತು, "ಕಬಕಕ್ಕೆ ಬಂದ ಮೇಲೆಯೇ ನನಗೆ ಅಮ್ಮ ಸಿಕ್ಕಿದ್ದು" ಎಂದರು. ನಾನು ಅಲ್ಲಿ ಅತ್ತಷ್ಟು ನನ್ನ ಸ್ವಂತದವರಿಗೂ ಅತ್ತಿಲ್ಲವೇನೋ... ಈಗ ಅವರ ಮನೆಯಲ್ಲಿ ಬಾಡಿಗೆಗೆ ಬೇರೆ ಸಂಸಾರ ಇದೆ. ಆ ಓಣಿಯಲ್ಲಿ ಹೋಗುವಾಗ ನಾನು ಇನ್ನೂ ಸ್ವಲ್ಪ ನಿಧಾನವಾಗಿ ನಡೆಯುತ್ತೇನೆ.

ಇವತ್ತು ಗುರುವಾರ. ಲ್ಯಾಬಿನಲ್ಲಿ ತಡವಾಯಿತು. ಒಂದು ಬಸ್ಸು ತುಂಬಿತ್ತು, ಬಿಟ್ಟು ಮುಂದಿನದಕ್ಕೆ ಹತ್ತಿದೆ. ಕಬಕದಲ್ಲಿ ಇಳಿಯುವಾಗ ಎದುರಿನ ಬಸ್ಸಿನಿಂದ ಗಂಡನೂ ಇಳಿದರು. ಇಬ್ಬರೂ ಒಟ್ಟಿಗೆ ಒಳಗೆ ಬಂದೆವು. ಮಗಳಿಗೆ ಈಗ ಪಿಯುಸಿ ಪರೀಕ್ಷೆ ಹತ್ತಿರ. ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕುಳಿತಿದ್ದವಳು ತಲೆ ಎತ್ತಿಯೂ ನೋಡಲಿಲ್ಲ. "ಬಂದ್ರಾ? ಬಾಗಿಲು ಹಾಕಿ, ಸೊಳ್ಳೆ ಬರ್ತದೆ" ಎಂದಳು. ಅಪ್ಪ ಅಮ್ಮ ಸಂಜೆ ಮನೆಗೆ ಬರುವುದು ಅವಳಿಗೆ ಈಗ ಒಂದು ವಿಶೇಷವೇ ಅಲ್ಲ. ಚೇಚಿ ಇದ್ದಿದ್ದರೆ, ಇದನ್ನು ಹೇಳುವುದಕ್ಕೆಂದೇ ನಾನು ಎರಡು ಓಣಿ ದಾಟಿ ಹೋಗುತ್ತಿದ್ದೆ.